ಬಾಯಿಗಂಟೆ

ನಮ್ಮ ಮನೆಯ ದೇವರ ಜಗಲಿಯ ಮೇಲೆ ವಿಭೂತಿ ಇಡುವ ಪುಟ್ಟ ಬಟ್ಟಲೊಂದಿದೆ. ಬಂದವರು ಬೆಳ್ಳಿಯದೇ ಇರಬೇಕೆಂದು ಕೈಗೆತ್ತಿಕೊಳ್ಳುತ್ತಾರೆ. ತಿರುಗಿಸಿದಾಗ ನಟ್ಟನಡುವೆ ಅರಗಿನಿಂದ ಮುಚ್ಚಿದ ತೂತು ಕಾಣುತ್ತದೆ. ಯಾವುದೋ ಹಳೆಯ ಮಠದ ಸಾಮಾನೆಂದು ತಿಳಿದು ಮೊದಲಿಗಿಂತ ಹೆಚ್ಚು ಭಕ್ತಿಯಿಂದ ಕೆಳಗಿಡುತ್ತಾರೆ. ನಾನು ಸುಮ್ಮನಿರುತ್ತೇನೆ. ಭಕ್ತಿಗೆ ಅಡ್ಡ ಬರುವುದು ಒಳ್ಳೆಯ ಮನೆತನದ ಲಕ್ಷಣವಲ್ಲ. ನೀವು ನನ್ನ ಗೆಳೆಯರಾದ್ದರಿಂದ ನಿಮಗಷ್ಟೇ ಹೇಳುತ್ತೇನೆ: ಅದು ನನ್ನ ಸೈಕಲ್ಲಿನ ಗಂಟೆಯ ಟೊಪ್ಪಿಗೆ. ಗಂಟೆಯನ್ನು ಸೈಕಲ್ಲಿನಿಂದ ಬಿಚ್ಚಿ ಮನೆಯಲ್ಲಿಟ್ಟು, ಅದರ ಕೆಲಸವನ್ನು ಬಾಯಿಯಿಂದಲೇ ಮಾಡುತ್ತೇನೆಂದು ಬೆಟ್ಟದ ದಾರಿ ಹಿಡಿದ ಮೂರ್ಖ ಬೇರೆ ಯಾರೂ ಅಲ್ಲ, ನಾನೇ. ಆ ಮೂರ್ಖತನದ ಫಲವಾಗಿ ಮೊದಲು ಊಟ ತಪ್ಪಿದ್ದು ಮಾತ್ರ ಬೇರೆಯವನಿಗೆ. ಇಷ್ಟನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ನೀವು ನನ್ನಿಂದ ಜಾಣತನವನ್ನು ಬಯಸುವುದಿಲ್ಲ, ನನಗೂ ಹಗುರ.

ಪರರ ದನಿ ತೆಗೆಯುವುದು ನಾನು ಕಲಿತ ವಿದ್ಯೆಯಲ್ಲ, ನೆಗಡಿಯಂತೆ ತಾನಾಗಿ ಹತ್ತಿದ್ದು. ಯಾರ ಎದುರು ತುಸು ಹೊತ್ತು ಕೂತರೂ ಅವರ ಗಂಟಲು ನನಗೆ ಅಂಟಿಕೊಳ್ಳುತ್ತದೆ. ಬೆಳಗಾವಿಯ ಖಡೇಬಜಾರಿನ ಬಾಳೆಹಣ್ಣಿನವಳು ಗಿರಾಕಿಯ ಮುಖ ನೋಡಿ ಒಂದೇ ಉಸಿರಿನಲ್ಲಿ ಮರಾಠಿಯಿಂದ ಕನ್ನಡಕ್ಕೆ, ಕನ್ನಡದಿಂದ ಉರ್ದುವಿಗೆ ದಾಟುವ ಪರಿ, ನಮ್ಮ ಕಾಲೇಜಿನ ಇತಿಹಾಸದ ಮಾಸ್ತರರು ಒಬ್ಬೊಬ್ಬ ರಾಜ ಸತ್ತಾಗಲೂ ಕನ್ನಡಕ ತೆಗೆದು ಒರೆಸಿ ನಿಟ್ಟುಸಿರಿಡುವ ಪರಿ, ಅಪರೂಪಕ್ಕೊಮ್ಮೆ ಸಾಂಬ್ರಾದ ಕಡೆ ಇಳಿಯುವ ವಿಮಾನದ ಗೊರಗೊರ, ಇವೆಲ್ಲ ನನ್ನ ಗಂಟಲಿನಲ್ಲಿ ಬಾಡಿಗೆ ಕೊಡದೆ ಸಂಸಾರ ಹೂಡಿದ್ದವು. ಒಮ್ಮೆ ಪರಿಚಯದವರೊಬ್ಬರ ಮನೆಗೆ ಟೇಪ್ ರೆಕಾರ್ಡರ್ ಬಂದಾಗ ನನಗೆ ತಿಳಿಯದಂತೆ ನನ್ನ ಮಾತನ್ನೇ ಅದರಲ್ಲಿ ತುಂಬಿ ಕೇಳಿಸಿದರು. ಇದು ಯಾವ ಕತ್ತೆಯ ನಕಲು, ಸರಿಯಾಗಿ ಕೂತಿಲ್ಲವಲ್ಲ ಎಂದೆ. ಎಲ್ಲರೂ ನಕ್ಕರು. ಅಂದಿನಿಂದ ನನ್ನ ದನಿಯ ಬಗ್ಗೆ ನನಗಿದ್ದ ಅಲ್ಪಸ್ವಲ್ಪ ಅಭಿಮಾನವೂ ಹೋಗಿ ಪರರ ದನಿಗಳನ್ನೇ ನೆಚ್ಚಿಕೊಂಡೆ.

ಸೈಕಲ್ ಗಂಟೆಯನ್ನು ಬಾಯಲ್ಲಿ ಬಾರಿಸುವುದು ಈ ವಿದ್ಯೆಯ ಕಳಶ. ನಾಲಿಗೆಯ ತುದಿಯನ್ನು ಅಂಗುಳಕ್ಕೆ ಹಚ್ಚಿ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟರೆ ಹೊಸ ಗಂಟೆ. ಅದನ್ನೇ ಕೊಂಚ ಹರಿತ ಕಡಿಮೆ ಮಾಡಿದರೆ ತುಕ್ಕು ಹಿಡಿದ ಗಂಟೆ. ಸಂತೆಯ ದಿನ ಖಡೇಬಜಾರಿನ ಈ ತುದಿಯಿಂದ ಆ ತುದಿಗೆ ಬರೀ ಬಾಯಿಗಂಟೆಯಿಂದ ದಾರಿ ಬಿಡಿಸಿಕೊಂಡು ಹೋಗಿ ಗೆಳೆಯ ಪುಂಡಲೀಕನೊಡನೆ ಕಟ್ಟಿದ ಪಂಥ ಗೆದ್ದೆ. ಗೆದ್ದವನಿಗೆ ಗೆಲುವು ಸಾಲುವುದಿಲ್ಲ, ಧ್ವಜವೂ ಬೇಕು. ಮನೆಗೆ ಬಂದವನೇ ನಿಜವಾದ ಗಂಟೆಯನ್ನು ಬಿಚ್ಚಿ ಎಸೆದೆ. ಅವ್ವ ಯಾವುದನ್ನೂ ಎಸೆಯಗೊಡುವವಳಲ್ಲ. ತೂತಿಗೆ ಅರಗು ತುಂಬಿ ವಿಭೂತಿಗೆ ಮನೆ ಮಾಡಿದಳು. ಹೀಗೆ ನನ್ನ ಗಂಟೆ ಸನ್ಯಾಸ ಪಡೆಯಿತು, ನಾನು ಪಡೆಯಲಿಲ್ಲ.

ಎಪ್ಪತ್ತರ ದಶಕ ಮುಗಿಯಲು ಬಂದ ಕಾಲ ಅದು. ದೀಪಾವಳಿ ಕಳೆದು ಚಳಿ ಇನ್ನೂ ಹೊಸತಾಗಿದ್ದಾಗ ನಾವು ಮೂವರು ಸೈಕಲ್ಲಿನ ಮೇಲೆ ಸಮುದ್ರ ನೋಡಲು ಹೊರಟೆವು. ಬೆಳಗಾವಿಯಿಂದ ಖಾನಾಪುರ, ಅಲ್ಲಿಂದ ಜಾಂಬೋಟಿಯ ಕಾಡು ಹೊಕ್ಕು ಕಣಕುಂಬಿಯಲ್ಲಿ ರಾತ್ರಿಯ ವಸ್ತಿ, ಮರುದಿನ ಘಟ್ಟ ಇಳಿದು ಗೋವಾ. ಮಾತಿನಲ್ಲಿ ಈ ದಾರಿ ಬಹಳ ಇಳಿಜಾರಾಗಿತ್ತು.

ಮೂವರಲ್ಲಿ ಪುಂಡಲೀಕನದು ಮರಾಠಿ ಮನೆ. ಅವನ ಕನ್ನಡ ಮರಾಠಿಯ ಚಪ್ಪಲಿ ಮೆಟ್ಟಿಕೊಂಡು ಠೀವಿಯಿಂದ ನಡೆಯುತ್ತದೆ. ನನ್ನ ಮರಾಠಿಯೋ ಬರಿಗಾಲಿನಲ್ಲಿ ಕುಂಟುತ್ತದೆ. ಇನ್ನೊಬ್ಬ ಭರಮಪ್ಪ, ನಮಗೆ ಭರಮು, ಜೈನರ ಹುಡುಗ, ತಂದೆಯ ಕಿರಾಣಿ ಅಂಗಡಿಯಲ್ಲಿ ಬೆಳೆದವನು. ಸಕ್ಕರೆ ತೂಗಿದಂತೆ ಮಾತನ್ನೂ ತೂಗಿಯೇ ಕೊಡುತ್ತಾನೆ, ಅದೂ ತಕ್ಕಡಿಯ ಮುಳ್ಳನ್ನು ತನ್ನ ಕಡೆಗೆ ಒಂದಿಷ್ಟು ಒಲಿಸಿಕೊಂಡು. ಪಂಪು, ನಟ್ಟು ಬಿಚ್ಚುವ ಪಾನಾ, ಪಂಕ್ಚರ್ ಸಾಮಾನು ಎಲ್ಲ ಇದ್ದದ್ದು ಅವನ ಚೀಲದಲ್ಲಿ. ಪಂಚೆ, ವಿಭೂತಿ ಬಿಟ್ಟರೆ ನನ್ನ ಚೀಲದಲ್ಲಿ ಇದ್ದದ್ದು ಬಾಚಣಿಗೆ.

ಹೊರಡುವುದೆಂದರೆ ಏನು ಎಂದು ಅಂದಿನವರೆಗೂ ನಾನು ಯೋಚಿಸಿರಲಿಲ್ಲ. ಕಾಲೆತ್ತಿ ಪೆಡಲಿನ ಮೇಲಿಡುವುದು ಎಂದುಕೊಂಡಿದ್ದೆ. ಅಷ್ಟೇ ಆಗಿದ್ದರೆ ಜಗತ್ತಿನಲ್ಲಿ ಯಾರೂ ಮನೆಯಲ್ಲಿ ಉಳಿಯುತ್ತಿರಲಿಲ್ಲ. ನಾವು ಮನೆ ಬಿಟ್ಟು ಹೊರಡುತ್ತೇವೆ, ಆದರೆ ಮನೆ ನಮ್ಮನ್ನು ಬಿಟ್ಟು ಹಿಂದುಳಿಯುವುದಿಲ್ಲ. ಚೀಲದ ಯಾವುದೋ ಮೂಲೆಯಲ್ಲಿ ಸೇರಿಕೊಂಡು ಜೊತೆಗೇ ಬರುತ್ತದೆ. ನನ್ನ ಮನೆ ನನ್ನ ಕೊರಳಿಗೆ ಕಟ್ಟಿದ ಲಿಂಗದೊಡನೆ ಬಂದಿತ್ತು. ಜಳಕ ಮಾಡಿ ಲಿಂಗಪೂಜೆ ಮುಗಿಸುವ ತನಕ ಬಾಯಿಗೆ ತುತ್ತಿಡುವುದಿಲ್ಲ ಎಂಬುದು ನಮ್ಮ ಅವ್ವನ ಕಾನೂನು. ಭರಮುವಿನ ಮನೆ ಸೂರ್ಯನಿಗೆ ಜೋತುಬಿದ್ದು ಬಂದಿತ್ತು. ಹೊತ್ತು ಮುಳುಗಿದ ಮೇಲೆ ಅನ್ನ ನೀರು ಮುಟ್ಟಕೂಡದು ಎಂಬುದು ಅವರ ಆಯಿಯ, ಅಂದರೆ ಅಜ್ಜಿಯ, ಕಾನೂನು. ನನ್ನ ಪೂಜೆ ಮುಗಿಯುವ ತನಕ ನಮ್ಮ ದಿನ ಹುಟ್ಟುವಂತಿಲ್ಲ, ಅವನ ಊಟ ಮುಗಿದ ಮೇಲೆ ದಿನ ಉಳಿಯುವಂತಿಲ್ಲ. ಎರಡು ಕಡೆಗೂ ಇಲಿ ಕಡಿದ ರೊಟ್ಟಿಯಂಥ ಹಗಲಿನಲ್ಲಿ ನಾವು ಸಹ್ಯಾದ್ರಿಯನ್ನು ದಾಟಬೇಕಿತ್ತು. ಪುಂಡಲೀಕನಿಗೆ ಯಾವ ಕಟ್ಟಳೆಯೂ ಇರಲಿಲ್ಲ. ಅವನಿಗೆ ದಾರಿಯುದ್ದಕ್ಕೂ ನೆಂಟರಿದ್ದರು. ಅದು ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದು ಆಮೇಲೆ ಗೊತ್ತಾಯಿತು.

ಭರಮುವಿನ ಆಯಿಯ ದನಿ ನನ್ನ ಸಂಗ್ರಹದ ರತ್ನ. ದಿನವೂ ಸಂಜೆ ಕಟ್ಟೆಯ ಮೇಲೆ ನಿಂತು, ಒಣಗಿದ ತೊಗಲಿನ ಮೇಲೆ ಬಡಿದಂಥ ದನಿಯಲ್ಲಿ, “ಭರಮಾ, ಹೊತ್ತ ಮುಳುಗತೈತಿ, ಉಣ್ಣಾಕ ಬಾ” ಎಂದು ಮೊಮ್ಮಗನನ್ನು ಕರೆಯುತ್ತಿದ್ದಳು. ನಾನು ಅದನ್ನು ಎಷ್ಟು ನಿಷ್ಠೆಯಿಂದ ಸಾಧಿಸಿದ್ದೆನೆಂದರೆ, ಮಟಮಟ ಮಧ್ಯಾಹ್ನ ಆಟದ ನಡುವೆ ನಾನು ಮರದ ಮರೆಯಿಂದ ಕರೆದರೂ ಭರಮು ಬ್ಯಾಟು ಬಿಸಾಕಿ ಮನೆಗೆ ಓಡುತ್ತಿದ್ದ. ಅರ್ಧ ದಾರಿಗೆ ಹೋಗಿ ತಲೆಯ ಮೇಲಿನ ಸೂರ್ಯನನ್ನು ನೋಡಿ ಹಿಂದಿರುಗುತ್ತಿದ್ದ. ಹೊರಡುವ ಬೆಳಿಗ್ಗೆ ಆಯಿ ಅವನ ಸೈಕಲ್ಲಿಗೆ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಯನ್ನು ತಾನೇ ಕಟ್ಟಿದಳು. ಅಂಗೈಯ ಗೆರೆ ಕಾಣುವ ತನಕ ಉಣ್ಣಬಹುದು, ಗೆರೆ ಅಳಿಸಿದ ಮೇಲೆ ಇಲ್ಲ. ಕತ್ತಲಲ್ಲಿ ಒಂದೇ ಒಂದು ತುತ್ತು ಉಂಡರೂ ಮರುದಿನದ ಮೊದಲ ಬಸ್ಸಿಗೆ ಸೈಕಲ್ ಹೇರಿಕೊಂಡು ವಾಪಸು ಬರಬೇಕೆಂದು ಅವನಿಂದ ಮಾತು ತೆಗೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಏ ನಕಲಿ, ಬಾ ಇಲ್ಲಿ. ನನ್ನ ದನಿ ಕದ್ದೀಯಲ್ಲ, ಇವತ್ತ ಅದಕ್ಕ ಕೆಲಸಾ ಹಚ್ಚು. ಹೊತ್ತ ಮುಳುಗೂದ್ರಾಗ ಇವನ್ನ ಕರದು ಉಣಸು. ನಿನ್ನ ದನೀಲೆ ಕರದರ ಅಂವ ಬರೂದಿಲ್ಲ.”

ಕದ್ದ ಮಾಲನ್ನು ಯಜಮಾನಿಯೇ ಕೈಗಿಟ್ಟು ಕಾವಲಿಗೆ ನಿಲ್ಲಿಸಿದಂತಾಯಿತು. ಆಗಲಿ ಆಯಿ ಎಂದೆ, ಅವಳದೇ ದನಿಯಲ್ಲಿ. ಅವಳು ನಗಲಿಲ್ಲ.

ಊರು ಬಿಡುವಾಗ ನಾನು ಮುಂದೆ. ಗಂಟೆ ಸೈಕಲ್ಲಿಗಿರಲಿಲ್ಲವಾದರೂ ಪ್ಯಾಂಟಿಗಿತ್ತು. ಆಗಿನ ರೂಢಿಯಂತೆ ಪಾದವನ್ನೆಲ್ಲ ನುಂಗುವ ಬೆಲ್‌ಬಾಟಮ್ ಅದು, ಆಗಾಗ ಚೈನನ್ನೂ ನುಂಗುತ್ತಿತ್ತು. ಖಾನಾಪುರ ಮುಟ್ಟಿದಾಗ ಬಿಸಿಲು ಏರಿತ್ತು. ಅಲ್ಲಿ ಪುಂಡಲೀಕನ ಸೋದರತ್ತೆಯ ಮನೆ. ಬರೀ ನೀರು ಕುಡಿದು ಹೊರಡುವುದೆಂದು ದಾರಿಯುದ್ದಕ್ಕೂ ಆಣೆ ಮಾಡಿಕೊಂಡು ಬಂದಿದ್ದೆವು. ಆತ್ಯಾ ಬಾಗಿಲಲ್ಲಿ ನಿಂತು, “ಬಸಾ ರೇ, ಜೇವೂನ್ ಜಾ” ಎಂದಳು. ಕೂತುಕೊಳ್ಳಿರಿ, ಉಂಡು ಹೋಗಿರಿ ಎಂಬ ಈ ಮಾತನ್ನು ಆ ಊರಿನಲ್ಲಿ ಯಾವ ಭಾಷೆಯಲ್ಲಿ ಹೇಳಿದರೂ ಅದು ಆಮಂತ್ರಣವಲ್ಲ, ಬಂಧನದ ಆಜ್ಞೆ. ಒಲೆ ಹೊತ್ತಿತು. ಆಲೂಗಡ್ಡೆಯ ಪಲ್ಯ ಬಂತು, ಬೆಳ್ಳುಳ್ಳಿಯ ಚಟ್ನಿ ಬಂತು. ಗಡ್ಡೆ, ಬೆಳ್ಳುಳ್ಳಿ ಮುಟ್ಟದ ಭರಮು ಅನ್ನ ಮಜ್ಜಿಗೆಯಲ್ಲಿ ಕೈ ತೊಳೆದ. ಅವನ ಪಾಲಿನ ಆಲೂಗಡ್ಡೆಯನ್ನು ನಾನೂ ಪುಂಡಲೀಕನೂ ಸ್ನೇಹಧರ್ಮವೆಂದು ಮುಗಿಸಿದೆವು. ಅಲ್ಲಿಂದ ಏಳುವಾಗ ನೆರಳುಗಳು ಆಗಲೇ ಮಗ್ಗುಲು ಬದಲಿಸಿದ್ದವು.

ಜಾಂಬೋಟಿ ದಾಟಿದ ಮೇಲೆ ದಾರಿ ನಮ್ಮದಾಗಿ ಉಳಿಯಲಿಲ್ಲ. ಎರಡೂ ಕಡೆಯ ಮರಗಳು ಮೇಲೆ ಕೈಕೈ ಹಿಡಿದುಕೊಂಡು, ನಡುವೆ ನಮಗೆಂದು ಕೆಮ್ಮಣ್ಣಿನ ಒಂದು ಪಟ್ಟಿಯನ್ನು ಬಿಟ್ಟಿದ್ದವು, ಅದೂ ಮನಸ್ಸಿಲ್ಲದೆ. ಪೇಟೆಯಲ್ಲಿ ಒಂದು ಸದ್ದು ಮಾಡಿದರೆ ಹತ್ತು ತಲೆ ತಿರುಗುತ್ತವೆ. ಇಲ್ಲಿ ನಾನು ಬೆಳಗಾವಿಯ ಅರ್ಧ ಜನರ ದನಿ ತೆಗೆದರೂ ಒಂದು ಎಲೆ ಕಿವಿಗೊಡಲಿಲ್ಲ. ನಕಲಿಯವನಿಗೆ ಕಾಡು ಬಹಳ ಕೆಟ್ಟ ಸಭೆ. ಈ ಕಡೆ ಕರಡಿಗಳಿವೆ ಎಂದು ಪುಂಡಲೀಕ ಹೇಳಿದ ಮೇಲೆ ಬಾಯಿಗಂಟೆಯನ್ನು ಎಡೆಬಿಡದೆ ಬಾರಿಸತೊಡಗಿದೆ. ಆದರೆ ಏರು ಬಂದಾಗ ಬಾಯಿಗೆ ಎರಡೇ ಕೆಲಸ ಉಳಿಯುತ್ತವೆ: ಉಸಿರಾಡುವುದು ಮತ್ತು ದಾರಿ ಹಾಕಿದವರನ್ನು ಬೈಯುವುದು. ಇದರ ನಡುವೆ ಗಂಟೆಗೆ ಬಿಡುವೆಲ್ಲಿ? ಕಬ್ಬಿಣದ ಗಂಟೆಗೆ ದಮ್ಮು ಹತ್ತುವುದಿಲ್ಲ ಎಂಬ ಸರಳ ಸತ್ಯ ನನಗೆ ಹೊಳೆದದ್ದು ಅಲ್ಲಿ, ನಾಲಿಗೆ ಅಂಗುಳಕ್ಕೆ ಒಣಗಿ ಅಂಟಿಕೊಂಡಾಗ.

ಏರು ಮುಗಿದು ಇಳಿಜಾರು ಸಿಕ್ಕಿತು. ಗಾಳಿ ಮುಖಕ್ಕೆ ಬಡಿಯಿತು, ಬೆಲ್‌ಬಾಟಮ್ ಪಟಪಟ ಎಂದಿತು. ನನ್ನ ಬ್ರೇಕಿನ ರಬ್ಬರು ಎಂದೋ ಸವೆದು ನೆನಪಾಗಿ ಉಳಿದಿತ್ತು. ತಿರುವಿನಾಚೆ ಮನೆಗೆ ಮರಳುತ್ತಿದ್ದ ಎಮ್ಮೆಗಳ ಹಿಂಡು ರಸ್ತೆಯ ತುಂಬ ನಿಂತಿತ್ತು. ಭರಮು ಹಿಂದಿನಿಂದ ತನ್ನ ಗಂಟೆಯನ್ನು ಕರಕರನೆ ತಿರುವಿದ. ಅವನ ಕಡೆಯ ಎಮ್ಮೆಗಳು ಸಭ್ಯ ನಾಗರಿಕರಂತೆ ಬಾಜೂಕೆ ಸರಿದವು. ನಾನು ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಬಾಯಿಗಂಟೆ ಬಾರಿಸಿದೆ. ನನ್ನೆದುರಿನ ಎಮ್ಮೆ ಕತ್ತು ಹೊರಳಿಸಿ, ಕಿವಿ ಅಗಲಿಸಿ, ನಿಂತಲ್ಲೇ ನಿಂತು ಕೇಳಿತು. ನನ್ನ ಜೀವನದಲ್ಲಿ ಅಷ್ಟು ಏಕಾಗ್ರತೆಯ ಶ್ರೋತೃವನ್ನು ನಾನು ಕಂಡಿಲ್ಲ. ಅದರ ರಸಿಕತೆಗೆ ಭಂಗ ತರಬಾರದೆಂದು ಹ್ಯಾಂಡಲ್ ಹೊರಳಿಸಿದವನು ರಸ್ತೆಯ ಅಂಚಿನ ಕಲ್ಲಿಗೆ ಮುಂದಿನ ಗಾಲಿಯನ್ನು ಅರ್ಪಿಸಿ ಪೊದೆಯೊಳಗೆ ಹೋದೆ.

ಮೈಗೆ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಗಾಲಿ ಮಾತ್ರ ಸುಟ್ಟ ಹಪ್ಪಳದಂತೆ ಸೊಟ್ಟಗಾಗಿತ್ತು. ಭರಮು ಚೀಲದಿಂದ ಪಾನಾ ತೆಗೆದು ಕೂತ. ಗಾಲಿ ಬಿಚ್ಚಿ, ಕಲ್ಲಿನ ಮೇಲಿಟ್ಟು ಕಾಲಿನಿಂದ ಒತ್ತಿ, ಕಡ್ಡಿ ಒಂದೊಂದನ್ನೇ ಬಿಗಿದು, ತಿರುಗಿಸಿ ನೋಡಿ ಮತ್ತೆ ಬಿಗಿದ. ನಾನು ಪಕ್ಕದಲ್ಲಿ ಕೂತು ಎಮ್ಮೆ ಕೇಳುತ್ತಿದ್ದ ಭಂಗಿಯನ್ನು ಪುಂಡಲೀಕನಿಗೆ ಅಭಿನಯಿಸಿ ತೋರಿಸುತ್ತಿದ್ದೆ. ಅವನು ಹೊಟ್ಟೆ ಹಿಡಿದು ನಗುತ್ತಿದ್ದ. ಎಮ್ಮೆಯ ಪಾತ್ರದಲ್ಲಿ ನಾನು ಎಷ್ಟು ಮುಳುಗಿದ್ದೆನೆಂದರೆ ಇನ್ನೊಂದು ಮುಳುಗುತ್ತಿರುವುದು ಕಾಣಲಿಲ್ಲ. ಆಯಿ ಒಪ್ಪಿಸಿದ್ದ ದನಿ ಗಂಟಲಿನಲ್ಲೇ ಮಲಗಿತ್ತು. ಗಾಲಿ ಒಂದು ಹದಕ್ಕೆ ಬಂದು, ಭರಮು ತಲೆಯೆತ್ತಿದಾಗ, ಪಡುವಣದ ಗುಡ್ಡದ ಮೇಲೆ ಸೂರ್ಯನಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಬೆಳಗಾವಿಯಲ್ಲಿ ಸೂರ್ಯ ಮುಳುಗುವುದು ಯಾರಿಗೂ ಸಂಶಯ ಬಾರದ ಹಾಗೆ, ಮೈದಾನದಾಚೆ, ಎಲ್ಲರೆದುರು ನಡೆಯುವ ಕಾರ್ಯ. ಬೆಟ್ಟದಲ್ಲಿ ಹಾಗಲ್ಲ. ಗುಡ್ಡ ಅಡ್ಡ ಬಂದದ್ದೋ ಹೊತ್ತು ಹೋದದ್ದೋ ಹೇಳುವವರಾರು? ಮೇಲೆ ಮರದ ತುದಿಗಳಲ್ಲಿ ಇನ್ನೂ ಚಿನ್ನದ ಬಣ್ಣವಿತ್ತು, ಕೆಳಗೆ ನಮ್ಮ ಕಾಲಬುಡದಲ್ಲಿ ಸಂಜೆ ಆಗಿಹೋಗಿತ್ತು. ಭರಮು ರೂಢಿಯಂತೆ ಅಂಗೈ ಬಿಡಿಸಿ ನೋಡಿಕೊಂಡ. ಅಂಗೈ ತುಂಬ ನನ್ನ ಸೈಕಲ್ಲಿನ ಎಣ್ಣೆಯ ಮಸಿ. ಗೆರೆ ಎಂಬುದು ಒಂದೂ ಇರಲಿಲ್ಲ. ಸನಿಹದ ತೊರೆಯಲ್ಲಿ ಮಣ್ಣು ಹಚ್ಚಿ ಉಜ್ಜಿದ, ಎಲೆ ಹಚ್ಚಿ ಉಜ್ಜಿದ. ಗಾಲಿಯ ಎಣ್ಣೆ ಅಷ್ಟು ಸುಲಭಕ್ಕೆ ಬಿಡುವ ಸಂಬಂಧವಲ್ಲ. ನಾನು ನನ್ನ ಅಂಗೈಯನ್ನು ಅವನ ಮುಂದೆ ಹಿಡಿದೆ. ಯಾವ ಕೆಲಸವನ್ನೂ ಮಾಡದ ಆ ಸ್ವಚ್ಛ ಅಂಗೈಯಲ್ಲಿ ಆಯುಷ್ಯರೇಖೆಯಿಂದ ಹಿಡಿದು ಎಲ್ಲವೂ ನಿಚ್ಚಳ ಕಾಣುತ್ತಿದ್ದವು. ನನ್ನ ಗೆರೆ ನೋಡಿ ಉಣ್ಣು ಎಂದೆ. ಅವನು ನನ್ನ ಅಂಗೈಯನ್ನು ನೋಡಿದ, ನನ್ನ ಮುಖವನ್ನು ನೋಡಿದ, ಡಬ್ಬಿಯ ಕಡೆ ನೋಡಲಿಲ್ಲ.

ಗುಡ್ಡದ ಆಚೆ ಸೂರ್ಯ ಇದ್ದೇ ಇದ್ದಾನೆ, ಸಮುದ್ರದ ಮೇಲೆ ಇನ್ನೂ ಬಿಸಿಲಿದೆ ಎಂದು ವಾದಿಸಿದೆ. ನಾಳೆ ಘಟ್ಟ ಹಾಯುವುದಿದೆ, ಮಜ್ಜಿಗೆಯ ಬಲದ ಮೇಲೆ ಎಷ್ಟು ದೂರ ತುಳಿಯುತ್ತಿ ಎಂದು ಪುಂಡಲೀಕನೂ ಸೇರಿಸಿದ. ಭರಮು ಪಾನಾ ಒರೆಸಿ ಚೀಲಕ್ಕಿಟ್ಟು ಕಲ್ಲಿನ ಮೇಲೆ ಕೂತ. ಆಗ ನಾನು ಮರದ ಮರೆಗೆ ಹೋದೆ. ಗಂಟಲು ಸರಿಪಡಿಸಿಕೊಂಡು, ಒಣಗಿದ ತೊಗಲಿನ ಮೇಲೆ ಬಡಿದಂಥ ಆ ದನಿಯನ್ನು ಹೊರಗೆ ತೆಗೆದೆ. ಭರಮಾ, ಇನ್ನೂ ಹೊತ್ತೈತಿ, ಉಣ್ಣಾಕ ಬಾ ಎಂದು ಕರೆದೆ. ಅಂದು ಅದು ಬಂದಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಆ ಕಾಡಿನ ನಡುವೆ ಅವಳು ಕಟ್ಟೆಸಮೇತ ಬಂದು ನಿಂತಂತಾಯಿತು. ಭರಮು ದಿಗ್ಗನೆ ಎದ್ದೇಬಿಟ್ಟ. ಕೈ ಡಬ್ಬಿಯ ಹಗ್ಗದ ತನಕ ಹೋಯಿತು. ಅಲ್ಲಿಗೆ ನಿಂತಿತು.

“ದನಿ ನಮ್ಮ ಆಯಿದೈತಿ,” ಎಂದ ಮರದ ಕಡೆಗೆ ನೋಡಿ. “ಹಸಿವಿ ನಿಂದೈತಿ. ನೀವ್ ಉಣ್ರಿ.”

ನಾನು ಮರದ ಮರೆಯಲ್ಲೇ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ, ಹೊರಬರಲು ಯಾರ ದನಿಯೂ ಸಿಕ್ಕಲಿಲ್ಲ, ಅಷ್ಟೇ. ನಾವು ಉಣ್ಣಲಿಲ್ಲ. ಆತ್ಯಾ ಹಾಕಿದ ಆಲೂಗಡ್ಡೆ ಇನ್ನೂ ಕರಗಿಲ್ಲವೆಂದು ಪುಂಡಲೀಕ ಹೊಟ್ಟೆ ಸವರಿಕೊಂಡು ಸುಳ್ಳು ಹೇಳಿದ. ನನಗೂ ಹಾಗೇ ಎಂದೆ. ಸುಳ್ಳಿನಲ್ಲೂ ನನ್ನದು ನಕಲು. ಸೊಟ್ಟ ಗಾಲಿಯನ್ನು ನೂಕಿಕೊಂಡು ಕಣಕುಂಬಿ ಸೇರಿ ಗುಡಿಯ ಪಡಸಾಲೆಯಲ್ಲಿ ಬಿದ್ದುಕೊಂಡೆವು. ಮಲಗುವ ಮುಂಚೆ ಪುಂಡಲೀಕ ನನ್ನ ಕಿವಿಯಲ್ಲಿ, ಅಂವ ಮುಂಜಾನೆ ಬಸ್ ಹಿಡೀತಾನ ನೋಡು, ಎಂದ. ಉಂಡಿದ್ದರೆ ಆಯಿಗೆ ಕೊಟ್ಟ ಮಾತಿನಂತೆ ಹೋಗುತ್ತಿದ್ದ. ಉಣ್ಣದೆ ನಮ್ಮ ಮೇಲೆ ಬೇಸತ್ತು ಹೋಗುತ್ತಾನೆ. ಹೇಗೆ ಲೆಕ್ಕ ಹಾಕಿದರೂ ಬಸ್ಸೇ ಬರುತ್ತಿತ್ತು.

ಒಬ್ಬರ ದನಿ ತೆಗೆಯುವುದೆಂದರೆ ಅವರ ಮನೆಯ ಬಾಗಿಲಿನ ಸದ್ದನ್ನು ತೆಗೆದಂತೆ ಎಂದು ಈಗೀಗ ಅನಿಸುತ್ತದೆ. ಬಾಗಿಲು ಕಿರುಗುಟ್ಟುವುದನ್ನು ಯಾರಾದರೂ ಕಲಿಯಬಹುದು. ಅದನ್ನು ತೆರೆದರೆ ಒಳಗೆ ಒಲೆಯೂ ಇರಬೇಕಲ್ಲ. ಆಯಿ ಕಟ್ಟೆಯ ಮೇಲೆ ನಿಂತು ಕೂಗುವಾಗ ಅವಳ ಹಿಂದೆ ರೊಟ್ಟಿ ಬೆಂದಿರುತ್ತಿತ್ತು, ತಾಟು ಹಾಕಿರುತ್ತಿತ್ತು, ಮೊಮ್ಮಗ ಉಣ್ಣದೆ ತಾನು ಉಣ್ಣದ ಒಂದು ಹಟವಿರುತ್ತಿತ್ತು. ನನ್ನ ಕೂಗಿನ ಹಿಂದೆ ಒಂದು ಮರವಿತ್ತು. ಎಮ್ಮೆಗೂ ಇದು ಗೊತ್ತಿತ್ತೆಂದು ತೋರುತ್ತದೆ. ಆದರೆ ನಾನು ಇದರಿಂದ ಪಾಠ ಕಲಿತೆನೆಂದು ನೀವು ತಿಳಿಯಬೇಡಿ. ಆಯಿಯ ದನಿಯನ್ನು ಈಗಲೂ ತೆಗೆಯುತ್ತೇನೆ, ಕೇಳಿದವರು ಈಗಲೂ ಮೆಚ್ಚುತ್ತಾರೆ. ‘ಉಣ್ಣಾಕ ಬಾ’ ಎಂಬಲ್ಲಿಗೆ ಬಂದಾಗ ಮಾತ್ರ ಯಾಕೋ ಅದು ಒಂದು ಕೂದಲೆಳೆ ತಪ್ಪುತ್ತದೆ, ನನಗಷ್ಟೇ ಗೊತ್ತಾಗುತ್ತದೆ.

ಮರುದಿನ ಎಚ್ಚರವಾದಾಗ ಗುಡಿಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಭರಮು ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತಿದ್ದ. ಇನ್ನು ಸೂರ್ಯನದೇನೂ ಅಡ್ಡಿಯಿರಲಿಲ್ಲ, ಆದರೂ ಮುಚ್ಚಳ ತೆಗೆದಿರಲಿಲ್ಲ. ನೀನು ತಿನ್ನು, ನನ್ನ ಜಳಕ ಪೂಜೆ ತಡವಾಗುತ್ತದೆ ಎಂದೆ. ರಾತ್ರಿ ನೀವಿಬ್ಬರು ಉಂಡಿದ್ದಿರೇನು ಎಂದು ಕೇಳಿ ಅವನು ಬೇರೆ ಕಡೆ ನೋಡಿದ. ಇವತ್ತೊಂದು ದಿನ ಪೂಜೆ ಬಿಡುತ್ತೇನೆ, ಕಾಡಿನಲ್ಲಿ ಅವ್ವನಿಗೆ ಕಾಣುವುದಿಲ್ಲ ಎಂದೆ. ಆಗ ಆ ಭರಮು, ಜೀವನದಲ್ಲಿ ಒಂದು ಬೆಕ್ಕಿನ ದನಿಯನ್ನೂ ತೆಗೆದು ಗೊತ್ತಿಲ್ಲದವನು, ಮೂಗನ್ನು ಹಿಂಡಿದಂತೆ ಮಾಡಿ, “ಬಸೂ, ಪೂಜಿ ಆತೇನೋ?” ಎಂದ. ನಮ್ಮ ಅವ್ವನ ದನಿ ಅದು ಎಂದು ಅವನ ಭಾವನೆ. ಅಷ್ಟು ದರಿದ್ರ ನಕಲನ್ನು ನಾನು ಕೇಳಿಯೇ ಇಲ್ಲ. ಅದರಲ್ಲಿ ಅವ್ವನದು ಎಂಬುದು ಸಾಸಿವೆಯಷ್ಟೂ ಇರಲಿಲ್ಲ. ಆದರೂ ನಾನು ಪಂಚೆ ಹೆಗಲಿಗೆ ಹಾಕಿಕೊಂಡು ಎದ್ದು ಹೋದೆ.

ಮಲಪ್ರಭೆ ಹುಟ್ಟುವುದು ಅಲ್ಲಿಯೇ. ಖಾನಾಪುರದಲ್ಲಿ ಸೇತುವೆ ಬೇಡುವ ಹೊಳೆ ಇಲ್ಲಿ ಹೆಜ್ಜೆ ಇಡಲೋ ಬೇಡವೋ ಎಂದು ಕಲ್ಲುಗಳನ್ನು ಕೇಳುತ್ತ ನಿಂತಿರುತ್ತದೆ. ಅದೂ ಈಗತಾನೇ ಹೊರಟದ್ದು. ಅದಕ್ಕೂ ದಾರಿಯಲ್ಲಿ ನೆಂಟರಿದ್ದಾರು. ನೀರು ಎಲುಬಿಗೆ ತಾಗುವಷ್ಟು ತಣ್ಣಗಿತ್ತು. ಮಿಂದು, ಕಾಗದದ ಪೊಟ್ಟಣದಿಂದ ವಿಭೂತಿ ತೆಗೆದು ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗವನ್ನಿಟ್ಟು ಕೂತೆ. ಅದೇ ಹೊತ್ತಿಗೆ ನಮ್ಮ ಮನೆಯ ಜಗಲಿಯ ಮೇಲೆ ನನ್ನ ಗಂಟೆ ವಿಭೂತಿ ತುಂಬಿಕೊಂಡು ಮೌನವಾಗಿ ಕೂತಿರಬೇಕು ಎನಿಸಿತು. ಮಾತಾಡಬೇಕಾದದ್ದನ್ನು ಮನೆಯಲ್ಲಿ ಬಿಟ್ಟು, ಮಾತೇ ಬಾರದ ನಾನು ಬಾಯಿ ಬಡಿದುಕೊಂಡು ಇಷ್ಟು ದೂರ ಬಂದಿದ್ದೆ. ಅಂದು ಪೂಜೆ ಎಂದಿಗಿಂತ ತುಸು ದೀರ್ಘವಾಯಿತು. ಭಕ್ತಿ ಎಂದು ಹೇಳಲಾರೆ. ತಿರುಗಿ ಹೋದಾಗ ಪಡಸಾಲೆಯಲ್ಲಿ ಎರಡೇ ಸೈಕಲ್ಲುಗಳಿದ್ದರೆ ಎಂಬ ಭಯ.

ಮೂರೂ ಇದ್ದವು. ಆದರೆ ಭರಮುವಿನ ಹ್ಯಾಂಡಲ್ ಬೋಳಾಗಿತ್ತು. ಅವನ ಗಂಟೆ ನನ್ನ ಸೈಕಲ್ಲಿನ ಮೇಲೆ ಕೂತು ಬಿಸಿಲಿಗೆ ಹೊಳೆಯುತ್ತಿತ್ತು. ಭರಮು ಕೊನೆಯ ಸ್ಕ್ರೂ ಬಿಗಿಯುತ್ತಿದ್ದ. ಊರಿಗೆ ಮರಳುವವನು ಮುಂದೆ ಹೋಗುವವನಿಗೆ ಬಿಟ್ಟುಹೋಗುವ ಸಾಮಾನಿನಂತೆ ಅದು ನನಗೆ ಕಂಡಿತು. ಪುಂಡಲೀಕ ನೆಲ ನೋಡುತ್ತಿದ್ದ. ನನ್ನ ಬಾಯಿಂದ ಬಂದದ್ದು ಯಾರ ದನಿಯೂ ಅಲ್ಲ; ಟೇಪ್ ರೆಕಾರ್ಡರಿನಲ್ಲಿ ಕೇಳಿದ ಆ ಕತ್ತೆಯದೇ.

“ಅಂದ್ರ ನೀ ಹೊಳ್ಳಿ ಹೊಂಟೀಯೇನು?”

ಭರಮು ಹೆಬ್ಬೆರಳಿನಿಂದ ಗಂಟೆಯನ್ನು ಒಮ್ಮೆ ಟ್ರಿಣ್ ಎನಿಸಿ ನೋಡಿದ. ಡಬ್ಬಿಯ ಮುಚ್ಚಳ ತೆಗೆದ.

“ಎಮ್ಮಿ ಗೋವಾದಾಗೂ ಇರತಾವು, ಅಲ್ಲಿ ಮತ್ತ ನಿನ್ನ ಗಾಲಿ ತಿದ್ದಾಕ ನನ್ನಿಂದ ಆಗೂದಿಲ್ಲ. ಕುಂದರು, ಉಣ್ಣೂಣು.”